ದೊಡ್ಡಪ್ಪನ ಕಾಯಿಲೆಗೆ ಹೆಸರೇನಿತ್ತು?

‘ಸೈಕೆಡೆಲಿಕ್’ ಎಂಬ ಪದ ಹುಟ್ಟಿದ್ದು 1956ರಲ್ಲಿ, ಪತ್ರವ್ಯವಹಾರವೊಂದರಲ್ಲಿ. ಮನೋವೈದ್ಯ ಹಂಫ್ರಿ ಆಸ್ಮಂಡ್ ಕಾದಂಬರಿಕಾರ ಆಲ್ಡಸ್ ಹಕ್ಸ್ಲಿಗೆ ಬರೆಯುತ್ತ, ಗ್ರೀಕಿನ ಎರಡು ಪದಗಳನ್ನು ಕೂಡಿಸಿ, ಮನಸ್ಸನ್ನು ತೆರೆದು ತೋರುವಂಥದ್ದು ಎಂಬರ್ಥದಲ್ಲಿ ಅದನ್ನು ಕಟ್ಟಿದರು. ಅದಕ್ಕೆ ಮುಂಚೆ ಎಲ್‌ಎಸ್‌ಡಿ, ಮೆಸ್ಕಲಿನ್‌ಗಳಿಗೆ ವೈದ್ಯರು ಇಟ್ಟಿದ್ದ ಹೆಸರು ‘ಸೈಕೋಟೋಮಿಮೆಟಿಕ್’, ಅಂದರೆ ಸೈಕೋಸಿಸ್ ಅನ್ನು ಅನುಕರಿಸುವಂಥದ್ದು. ಪದ ಬದಲಾಯಿತು, ಪದಾರ್ಥ ಬದಲಾಗಲಿಲ್ಲ. ಕನ್ನಡ ಪತ್ರಿಕೆಗಳಂತೂ ಈ ತಲೆನೋವನ್ನೇ ಹಚ್ಚಿಕೊಳ್ಳಲಿಲ್ಲ. ಗಾಂಜಾ, ಹೆರಾಯಿನ್, ಎಲ್‌ಎಸ್‌ಡಿ, ಅಣಬೆ ಎಲ್ಲವೂ ‘ಮಾದಕ ವಸ್ತು’.

ಒಂದೇ ಗೋಣಿಚೀಲಕ್ಕೆ ಎಲ್ಲವನ್ನೂ ತುಂಬಿದ್ದರ ಬೆಲೆ ಈಗ ಕಾಣುತ್ತಿದೆ. ಮನೆಯವರು ಹೇಳುವ ಎಚ್ಚರಿಕೆ ಒಂದೇ: ಚಟ ಹತ್ತುತ್ತೆ, ಬದುಕು ಹಾಳಾಗುತ್ತೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ಕೆಲಸ ಮಾಡುವ ಇಪ್ಪತ್ತೇಳರ ಹುಡುಗನಿಗೆ, ಎಲ್‌ಎಸ್‌ಡಿ ಅಥವಾ ಅಣಬೆ ಹೆರಾಯಿನ್ ತರಹ ಚಟ ಹತ್ತಿಸುವುದಿಲ್ಲ ಎಂದು ಗೊತ್ತು. ಅದು ನಿಜವೂ ಹೌದು. ಒಂದು ಎಚ್ಚರಿಕೆ ಪೊಳ್ಳೆಂದು ಗೊತ್ತಾದ ಮೇಲೆ ಅವನು ಉಳಿದವನ್ನೂ ಅದರ ಜೊತೆಗೇ ಎಸೆಯುತ್ತಾನೆ. ಅವನಿಗೆ ತಲುಪಬೇಕಿದ್ದ ಮಾತು ಅಲ್ಲೇ ಕಳೆದುಹೋಗುತ್ತದೆ.

ಅವನಿಗೆ ತಲುಪುವುದು ಸಂಶೋಧನೆಯ ಸುದ್ದಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ 36 ಆರೋಗ್ಯವಂತರಿಗೆ ಸಿಲೊಸೈಬಿನ್, ಅಂದರೆ ಆ ಅಣಬೆಯೊಳಗಿನ ರಾಸಾಯನಿಕ, ಕೊಟ್ಟು ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಸುಮಾರು ಮೂರರಲ್ಲಿ ಎರಡು ಪಾಲು ಜನ ಅದನ್ನು ತಮ್ಮ ಬದುಕಿನ ಅತ್ಯಂತ ಅರ್ಥಪೂರ್ಣ ಅನುಭವಗಳ ಸಾಲಿಗೆ ಸೇರಿಸಿದರು. ಸುಮಾರು ಮೂರನೇ ಒಂದು ಪಾಲು ಜನಕ್ಕೆ ತೀವ್ರ ಭಯವೂ ಆಗಿತ್ತು. ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಬೇರೆ ಔಷಧಗಳಿಗೆ ಬಗ್ಗದ ಖಿನ್ನತೆಗೆ ಸಿಲೊಸೈಬಿನ್ ಕೊಡಲು 2023ರ ಜುಲೈ 1ರಿಂದ ಆಸ್ಟ್ರೇಲಿಯಾದಲ್ಲಿ ಅನುಮತಿ ಪಡೆದ ಮನೋವೈದ್ಯರಿಗೆ ಅವಕಾಶವಿದೆ. ಭರವಸೆ ಸುಳ್ಳಲ್ಲ.

ಆದರೆ ಆ ಫಲಿತಾಂಶ ಯಾರ ಮೇಲೆ ಬಂದದ್ದು? ಹಾಪ್ಕಿನ್ಸ್ ಸಂಶೋಧಕರು 2008ರಲ್ಲಿ ಸುರಕ್ಷತಾ ಸೂಚನೆಗಳನ್ನು ಪ್ರಕಟಿಸಿದರು. ಸ್ಕಿಜೋಫ್ರೀನಿಯಾ, ಬೈಪೋಲಾರ್‌ನಂಥ ಕಾಯಿಲೆ ಇರುವವರನ್ನಷ್ಟೇ ಅಲ್ಲ, ಹತ್ತಿರದ ನೆಂಟರಲ್ಲಿ ಅದು ಇದ್ದವರನ್ನೂ ಪ್ರಯೋಗದಿಂದ ಹೊರಗಿಡಬೇಕು ಎನ್ನುತ್ತವೆ ಅವು. ಹತ್ತಿರದವರೆಂದರೆ ಅಪ್ಪ, ಅಮ್ಮ, ಒಡಹುಟ್ಟಿದವರಿಗೇ ನಿಲ್ಲುವುದಿಲ್ಲ. ಅಜ್ಜ, ಅಜ್ಜಿ, ದೊಡ್ಡಪ್ಪ, ಸೋದರತ್ತೆ, ಸೋದರಮಾವ, ಚಿಕ್ಕಮ್ಮ ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಸೈಕೆಡೆಲಿಕ್ ತೆಗೆದುಕೊಂಡ ಬಹುಪಾಲು ಜನಕ್ಕೆ ಸೈಕೋಸಿಸ್ ಬರುವುದಿಲ್ಲ. ಯಾವುದು ನಿಜ, ಯಾವುದು ಭ್ರಮೆ ಎಂಬ ಗಡಿಯೇ ಅಳಿಸಿಹೋಗುವ ಆ ಸ್ಥಿತಿಯ ಅಪಾಯ ಎಲ್ಲರಿಗೂ ಒಂದೇ ಸಮನಾಗಿ ಹಂಚಿಕೆಯಾಗಿಲ್ಲ, ಅಷ್ಟೆ. ಅದು ಸಾಮಾನ್ಯವಾಗಿ ಮೊದಲು ತಲೆಯೆತ್ತುವುದೂ ಹದಿಹರೆಯದ ಕೊನೆಗೆ, ಇಪ್ಪತ್ತರ ಆಸುಪಾಸಿನಲ್ಲಿ. ಗೆಳೆಯರ ಜೊತೆ ಟ್ರಿಪ್ ಹೋಗುವ ವಯಸ್ಸೂ ಅದೇ.

ಈಗ ಕನ್ನಡದ ಮನೆಯೊಂದರಲ್ಲಿ ಆ ಪ್ರಶ್ನೆ ಕೇಳಿನೋಡಬೇಕು. ದೊಡ್ಡಪ್ಪನಿಗೆ ಏನಾಗಿತ್ತು? ‘ಓದಿ ಓದಿ ತಲೆ ಕೆಟ್ಟಿತು.’ ‘ಯಾರೋ ಮಾಡಿಸಿದ್ದರಂತೆ.’ ‘ಅವನು ಒಂಥರಾ ಇದ್ದ.’ ‘ಮದುವೆ ಮಾಡಿದರೆ ಸರಿಹೋಗುತ್ತೆ ಅಂದಿದ್ದರು.’ ಅತ್ತೆಗೆ? ‘ಮೈಮೇಲೆ ಬರುತ್ತಿತ್ತು.’ (ಮೈಮೇಲೆ ಬರುವುದೆಲ್ಲ ಕಾಯಿಲೆಯಲ್ಲ, ಅದು ಬೇರೆ ಚರ್ಚೆ.) ಇವನ್ನು ಬರೀ ಅಜ್ಞಾನ ಎಂದು ತಳ್ಳಿಹಾಕುವುದು ಅನ್ಯಾಯ. ಮನೆಯಲ್ಲಿ ಅಂಥ ಕಾಯಿಲೆ ಇದೆಯೆಂದು ಊರಿಗೆ ಗೊತ್ತಾದರೆ ಮೂರು ಹೆಣ್ಣುಮಕ್ಕಳ ಸಂಬಂಧ ತಪ್ಪುತ್ತಿತ್ತು. ಹೆಸರಿಡದೆ ಇದ್ದದ್ದು ಅವರನ್ನು ಕಾಪಾಡಲಿಕ್ಕೆ. ಕಾಪಾಡಿದ್ದೂ ಹೌದು. ಆದರೆ ಆ ಮಾತುಗಳಿಂದ ಇವತ್ತು ಯಾವ ವೈದ್ಯರೂ ಕಾಯಿಲೆಯ ಹೆಸರು ಹೇಳಲಾರರು.

ಹೊರನಾಡಿನ ಮನೆಗಳಲ್ಲಿ ಇದು ಇನ್ನೂ ತೆಳ್ಳಗಾಗುತ್ತದೆ. ಡೊಂಬಿವಲಿಯಲ್ಲಿ ಬೆಳೆದವನು ಊರು ನೋಡಿದ್ದು ಮದುವೆ, ಮುಂಜಿ, ಜಾತ್ರೆಗೆ ಮಾತ್ರ. ದೊಡ್ಡಪ್ಪ ಅವನಿಗೆ ಗೋಡೆಯ ಮೇಲಿನ ಫೋಟೊ. ‘ನಿನ್ನ ಫ್ಯಾಮಿಲಿಯಲ್ಲಿ ಯಾರಿಗಾದರೂ?’ ಎಂದು ಗೆಳೆಯರು ಕೇಳಿದರೂ ಅವನು ‘ಇಲ್ಲ’ ಎನ್ನುತ್ತಾನೆ. ಸುಳ್ಳು ಹೇಳುತ್ತಿಲ್ಲ, ಅವನಿಗೆ ಗೊತ್ತಿರುವುದೇ ಅಷ್ಟು.

ಕಾನೂನು ಬೇಡ ಎಂದಿದೆಯಲ್ಲ, ಸಾಲದೇ ಎನ್ನಬಹುದು. 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಎಲ್‌ಎಸ್‌ಡಿಯೂ ಅಪರಾಧ, ಸಿಲೊಸೈಬಿನ್ ಕೂಡ. ಆದರೂ ಕೊಡೈಕೆನಾಲಿಗೆ ಅಣಬೆ ಹುಡುಕಿಕೊಂಡು ಹೋಗುವವರು ನಿಂತಿಲ್ಲ. ಲಾಯರ್ ಹೇಳುವುದು ಶಿಕ್ಷೆಯ ಮಾತು. ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ಸೈಕೆಡೆಲಿಕ್ ಸೇವಿಸಿದಾಗ ಫಿಟ್ಸ್ ಬಂದ ವರದಿಗಳಿವೆ ಎಂಬುದನ್ನಾಗಲಿ, ಖಿನ್ನತೆಯ ಮಾತ್ರೆಯನ್ನು ಟ್ರಿಪ್‌ಗೋಸ್ಕರ ತಾನಾಗಿ ನಿಲ್ಲಿಸುವುದೇ ಒಂದು ಅಪಾಯ ಎಂಬುದನ್ನಾಗಲಿ ಕಾಯ್ದೆಯ ಪುಸ್ತಕ ಹೇಳುವುದಿಲ್ಲ. ವಯಸ್ಕನಿಗೆ ‘ಮಾಡಬೇಡ’ ಎನ್ನುವ ಹಕ್ಕು ಮನೆಯವರಿಗೆ ಎಷ್ಟಿದೆಯೋ, ತನ್ನ ರಕ್ತದಲ್ಲಿ ಏನಿರಬಹುದು ಎಂದು ತಿಳಿಯುವ ಹಕ್ಕು ಅವನಿಗೆ ಅದಕ್ಕಿಂತ ಹೆಚ್ಚಿದೆ.

ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಗೆ, 14416ಕ್ಕೆ, ದೇಶದ ಯಾವ ಊರಿನಿಂದ ಬೇಕಾದರೂ ಫೋನ್ ಮಾಡಬಹುದು; ಕನ್ನಡದಲ್ಲೂ ಮಾತಾಡುತ್ತಾರೆ. ಅದಕ್ಕಿಂತ ಮೊದಲು ಫೋನ್ ಹೋಗಬೇಕಾದದ್ದು ಊರಿಗೆ, ಇನ್ನೂ ನೆನಪು ಗಟ್ಟಿಯಿರುವ ಹಿರಿಯರಿಗೆ. ‘ಅದೆಲ್ಲ ಈಗ್ಯಾಕೋ, ಊಟ ಆಯ್ತಾ?’ ಎಂದು ಅವರು ಮಾತು ತಿರುಗಿಸುತ್ತಾರೆ. ಆಯ್ತು ಅಂತ ಹೇಳಿ, ಮತ್ತೆ ಕೇಳಬೇಕು.