ಓಟಗಾರ್ತಿಯರಲ್ಲಿ ಹಿರಿಯಳಾರು?

ವಾರ್ಷಿಕ ಆಟೋಟಗಳು ಮುಗಿದ ಸಂಜೆ ನಮ್ಮ ಹುಡುಗಿಯರು, ಈ ಶಾಲೆಯಲ್ಲಿ ಓಡಿದವರೊಳಗೆ ಯಾರು ಮೇಲೆಂದು ವಾದಿಸುವದನ್ನು ನಾನು ಅನೇಕಾವರ್ತಿ ಕೇಳಿರುವೆನು. ಅದೇ ವಾದವು ಅಮೇರಿಕದ ನ್ಯಾಶ್‌ವಿಲ್ ಪಟ್ಟಣದ ಟೆನೆಸೀ ಸ್ಟೇಟ್ ವಿದ್ಯಾಲಯದ ವಿಷಯದಲ್ಲಿ ಎದ್ದರೆ ತೀರ್ಪು ಹೇಳುವದು ಸುಲಭವಲ್ಲ. ಕಪ್ಪು ಜನಾಂಗದವರ ವಿದ್ಯಾಭ್ಯಾಸಕ್ಕಾಗಿ 1912ರಲ್ಲಿ ತೆರೆಯಲ್ಪಟ್ಟ ಆ ಸಂಸ್ಥೆಯಲ್ಲಿ ಎಡ್ ಟೆಂಪಲ್ ಎಂಬ ಶಿಕ್ಷಕರು ತರಬೇತು ಕೊಟ್ಟ 40 ಮಂದಿ ಓಲಿಂಪಿಕ್ ಪಂದ್ಯಗಳಿಗೆ ಹೋಗಿ 23 ಪದಕಗಳನ್ನು ತಂದರು.

ಹೆಚ್ಚಿನವರು ವಿಲ್ಮಾ ರುಡಾಲ್ಫಳ ಹೆಸರನ್ನು ಹೇಳುವರು. ಎಳೆತನದಲ್ಲಿ ಪೋಲಿಯೋ ತಗಲಿ ಕಾಲಿಗೆ ಕಬ್ಬಿಣದ ಆಧಾರ ಕಟ್ಟಿಕೊಂಡು ನಡೆದ ಆಕೆಯು 1960ರಲ್ಲಿ ರೋಮಿನಲ್ಲಿ ಮೂರು ಚಿನ್ನದ ಪದಕಗಳನ್ನು ಗೆದ್ದಳು. ಊರಿಗೆ ಮರಳಿದಾಗ, ಕರಿಯರೂ ಬಿಳಿಯರೂ ಒಟ್ಟಾಗಿ ಸೇರುವದಾದರೆ ಮಾತ್ರವೇ ಸತ್ಕಾರವನ್ನು ಸ್ವೀಕರಿಸುವೆನೆಂದು ಹಟ ಹಿಡಿದು ಹಾಗೆಯೇ ನಡಿಸಿದಳು.

ಆದರೆ ವಯೋಮಿಯಾ ಟೈಯಸ್ 1964ರಲ್ಲಿ ಟೋಕಿಯೋದಲ್ಲಿಯೂ 1968ರಲ್ಲಿ ಮೆಕ್ಸಿಕೋ ನಗರದಲ್ಲಿಯೂ 100 ಮೀಟರಿನ ಓಟವನ್ನು ಗೆದ್ದಳು. ಅದಕ್ಕಿಂತ ಮೊದಲು ಯಾವ ಗಂಡಸೂ ಹೆಂಗಸೂ ಆ ಓಟವನ್ನು ಎರಡು ಓಲಿಂಪಿಕ್‌ಗಳಲ್ಲಿ ಒಂದಾದ ಮೇಲೊಂದರಂತೆ ಗೆದ್ದಿರಲಿಲ್ಲ. ಆದಾಗ್ಯೂ ಆಕೆಯ ಹೆಸರನ್ನು ಅರಿತವರು ಕಡಿಮೆ. ಕಣ್ಣೀರು ತರಿಸುವ ಕಥೆಗೆ ನಾವು ಬೇಗನೆ ಮನಸೋಲುತ್ತೇವೆ. ಸದ್ದಿಲ್ಲದ ಸಾಧನೆಯನ್ನು ಮರೆಯುತ್ತೇವೆ. ವೇಗವೇ ಅಳತೆಯಾದರೆ ನನ್ನ ಮತವು ಟೈಯಸಳಿಗೆ.

ಆದರೆ ಅತಿ ವೇಗವಾಗಿ ಓಡಿದವಳಾರೆಂಬ ಪ್ರಶ್ನೆಯು ಬೇರೆ, ಒಂದು ವಿದ್ಯಾಲಯದ ಹಿರಿಯಳಾರೆಂಬ ಪ್ರಶ್ನೆಯು ಬೇರೆ. ಎರಡನೆಯದಕ್ಕೆ ನಾನು ಮೇ ಫ್ಯಾಗ್ಸಳನ್ನು ಹೆಸರಿಸುವೆನು. 1948ರಲ್ಲಿ ಲಂಡನಿಗೆ ಹೋದಾಗ ಆಕೆಗೆ ಹದಿನಾರು ವರುಷ. 1956ರಲ್ಲಿ ಮೆಲ್ಬೋರ್ನಿನಲ್ಲಿ ರಿಲೇ ಓಟ ಓಡಿದ ಅಮೇರಿಕದ ನಾಲ್ವರೂ ಟೆಂಪಲರ ಶಿಷ್ಯೆಯರೇ. ಹಿರಿಯಳು ಫ್ಯಾಗ್ಸ್, ಕಿರಿಯಳು ಹದಿನಾರರ ವಿಲ್ಮಾ. ಅಂಜುತ್ತಿದ್ದ ಆ ಹುಡುಗಿಗೆ ಧೈರ್ಯ ಹೇಳಿ ಜೊತೆಗೆ ಕರೆದೊಯ್ದವಳು ಫ್ಯಾಗ್ಸಳೇ. ಅಂದು ದೊರೆತದ್ದು ಕಂಚು. ನಾಲ್ಕು ವರುಷಗಳ ಬಳಿಕ ಅದೇ ವಿದ್ಯಾಲಯದ ನಾಲ್ವರು ಚಿನ್ನ ಗೆದ್ದಾಗ ಫ್ಯಾಗ್ಸ್ ಅವರೊಳಗಿರಲಿಲ್ಲ.

ಒಬ್ಬೊಬ್ಬರೇ ಓಡುವ ಓಟದಲ್ಲಿ ಆಕೆಗೆ ಓಲಿಂಪಿಕ್ ಪದಕವೇ ಸಿಕ್ಕಲಿಲ್ಲವಲ್ಲಾ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜವೇ. ಆದರೆ ವಿದ್ಯಾಲಯವೆಂಬದು ಒಂದು ತಲೆಮಾರಿನಲ್ಲಿ ಮುಗಿಯುವದಲ್ಲ. ತನ್ನ ಹಿಂದೆ ಬರುವವರನ್ನು ತನಗಿಂತ ಮುಂದೆ ಓಡಿಸಿದವಳೇ ಅಲ್ಲಿ ಹಿರಿಯಳು.

ನಮ್ಮ ಕಪಾಟಿನಲ್ಲಿರುವ ಬೆಳ್ಳಿಯ ಬಟ್ಟಲುಗಳ ಮೇಲೆ ಮೊದಲು ಬಂದವರ ಹೆಸರುಗಳು ಮಾತ್ರ ಕೆತ್ತಿರುವವು. ಬೆಳಿಗ್ಗೆ ಬೇಗನೆದ್ದು ಚಿಕ್ಕವರನ್ನು ಮೈದಾನಕ್ಕೆ ಕರಕೊಂಡು ಹೋಗುವ ದೊಡ್ಡ ಹುಡುಗಿಗೆ ಈವರೆಗೆ ಒಂದು ಬಹುಮಾನವನ್ನೂ ನಾವು ಕೊಟ್ಟಿಲ್ಲ. ಆ ಲೋಪವು ನನ್ನದು. ಬರುವ ವರುಷ ಅದನ್ನು ತಿದ್ದಿಕೊಳ್ಳುವೆನು.