ಹಲ್ಲುನೋವಿಗೂ ಸರ್ಕಾರಿ ರಜೆಯೇ?



ಹಲ್ಲುನೋವಿನಿಂದ ಯಾರೂ ಸಾಯುವುದಿಲ್ಲ, ಅದನ್ನೆಲ್ಲ ತುರ್ತು ಪ್ರಕರಣ ಎನ್ನಲಾಗದು ಎಂದು ಕೆಡಿಪಿ ಸಭೆಯಲ್ಲಿ ಅಧಿಕಾರಿಯೊಬ್ಬರು ಹೇಳಿದ್ದು ನಿಮ್ಮ ಪತ್ರಿಕೆಯಲ್ಲೇ ಬಂದಿದೆ. ಆ ಮಾತಿಗೆ ಸಭೆಯಲ್ಲಿ ನಕ್ಕವರೂ ಇದ್ದರಂತೆ. ನಗಲಿ. ಅದೇ ಹೊತ್ತಿಗೆ ಇಲ್ಲಿನ ಎಪಿಎಂಸಿ ಯಾರ್ಡಿನ ಹಮಾಲಿಯೊಬ್ಬ ದಾವಣಗೆರೆಯ ಆಸ್ಪತ್ರೆಯೊಂದರ ಐಸಿಯುನಲ್ಲಿ, ಉಸಿರಾಡಲೆಂದು ಕತ್ತಿನಲ್ಲಿ ಕೊರೆದ ರಂಧ್ರಕ್ಕೆ ಕೊಳವೆ ಸಿಕ್ಕಿಸಿಕೊಂಡು ಮಲಗಿದ್ದ. ಕಾಯಿಲೆ ಏನೆಂದು ಕೇಳಿದರೆ ಹಲ್ಲುನೋವು.

ಶುಕ್ರವಾರ ರಾತ್ರಿ ಕೆಳದವಡೆಯ ಕೊನೆಯ ಹಲ್ಲು ಸಿಡಿಯತೊಡಗಿತು. ಮನೆಯವರು ಮೊದಲು ಲವಂಗ ಕಚ್ಚಿಸಿದರು, ಆಮೇಲೆ ಓಣಿಯವರ ಮಾತು ಕೇಳಿ ಕಡ್ಡಿಪುಡಿ ತುಂಬಿದರು. ಬೆಳಿಗ್ಗೆ ತಾಲ್ಲೂಕು ಆಸ್ಪತ್ರೆಗೆ ಹೋದರೆ ಅಂದು ಎರಡನೇ ಶನಿವಾರ. ದಂತ ವಿಭಾಗಕ್ಕೆ ಬೀಗ. ತುರ್ತು ವಿಭಾಗದಲ್ಲಿದ್ದ ಡ್ಯೂಟಿ ಡಾಕ್ಟರು ಬಾಯಿ ತೆರೆಸಿ ನೋಡುವ ಗೋಜಿಗೂ ಹೋಗದೆ ಸೊಂಟಕ್ಕೊಂದು ಇಂಜೆಕ್ಷನ್, ಜೊತೆಗೆ ಮಾತ್ರೆ ಕೊಡಿಸಿ, ಸೋಮವಾರ ಡೆಂಟಲ್‌ಗೆ ತೋರಿಸಿ ಎಂದು ಚೀಟಿಯಲ್ಲಿ ಬರೆದರು. ಸೋಮವಾರ ಹಬ್ಬದ ರಜೆ. ಮಂಗಳವಾರ ದಂತವೈದ್ಯರು ಶಿಬಿರಕ್ಕೆ ಹೋಗಿದ್ದರು. ಬಾಯಿಯ ಆರೋಗ್ಯದ ಬಗ್ಗೆ ಅರಿವು ಮೂಡಿಸುವ ಶಿಬಿರವಂತೆ! ಅಷ್ಟರಲ್ಲಿ ಗದ್ದದ ಕೆಳಗೆ ಊತ ಕಲ್ಲಿನಂತೆ ಗಟ್ಟಿಯಾಗಿತ್ತು. ಬಾಯಿ ಎರಡು ಬೆರಳಿನಷ್ಟೂ ತೆರೆಯುತ್ತಿರಲಿಲ್ಲ, ಎಂಜಲು ನುಂಗಲಾಗದೆ ಹೆಗಲ ಮೇಲಿನ ಟವೆಲ್ಲಿಗೆ ಇಳಿಯುತ್ತಿತ್ತು. ಮಂಡಿಯ ಲಗೇಜ್ ಆಟೊದಲ್ಲೇ ಅವನನ್ನು ದಾವಣಗೆರೆಗೆ ಸಾಗಿಸಿದರು. ಮೂಟೆ ಹೊರುವವನು ಮೂಟೆಯ ಗಾಡಿಯಲ್ಲಿ ಹೋದ.

ಬೀಗ ಹಾಕಿದ ಆ ಕೋಣೆಯನ್ನು ಕಿಟಕಿಯಿಂದ ಯಾರು ಬೇಕಾದರೂ ನೋಡಬಹುದು. ದಂತಕುರ್ಚಿಗೆ ಬಂದ ದಿನ ಹೊದಿಸಿದ್ದ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೇ ಇದೆ. ರೋಗಿ ಕೂರಬೇಕಾದ ಜಾಗದಲ್ಲಿ ಸಲೈನ್ ಬಾಟಲಿಗಳ ರಟ್ಟಿನ ಪೆಟ್ಟಿಗೆಗಳು ಕೂತಿವೆ. ದೀಪದ ತೋಳು ಜೋತು ಬೀಳದಂತೆ ಬ್ಯಾಂಡೇಜ್ ಬಟ್ಟೆಯಲ್ಲಿ ಕಟ್ಟಿದ್ದಾರೆ. ಉಗುಳುವ ಬಟ್ಟಲಿನಲ್ಲಿ ಹಳೆಯ ರಿಜಿಸ್ಟರುಗಳಿವೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಕ್ಕಿರುವುದು ಆ ದೀಪಕ್ಕೆ ಮಾತ್ರ.

ಹಲ್ಲುನೋವಿನಿಂದ ಸಾಯುವುದಿಲ್ಲ ಎಂದವರಿಗೆ ಹಮಾಲಿಗೆ ಬಂದ ಕಾಯಿಲೆಯ ಹೆಸರನ್ನಾದರೂ ಯಾರಾದರೂ ಹೇಳಬೇಕಿತ್ತು. ಲುಡ್ವಿಗ್ಸ್ ಆಂಜೈನಾ. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲೇ ಇದನ್ನು ವಿವರಿಸಿದ್ದಾರೆ. ಕೆಳದವಡೆಯ ಕೊನೆಯ ಎರಡು ಹಲ್ಲುಗಳ ಬೇರು ದವಡೆಯಲ್ಲಿ ಬಹಳ ಕೆಳಗೆ ಇಳಿದಿರುತ್ತದೆ. ಅಲ್ಲಿನ ಸೋಂಕು ಮೂಳೆಯನ್ನು ದಾಟಿದರೆ ನೇರ ನಾಲಿಗೆಯ ಅಡಿಗೆ, ಗದ್ದದ ಕೆಳಗಿನ ಜಾಗಕ್ಕೆ ಹರಡುತ್ತದೆ. ಬಾಯಿಯ ತಳ ಉಬ್ಬಿ, ನಾಲಿಗೆ ಮೇಲಕ್ಕೂ ಹಿಂದಕ್ಕೂ ತಳ್ಳಿಸಿಕೊಂಡು ಉಸಿರಿನ ದಾರಿಯನ್ನೇ ಮುಚ್ಚುತ್ತದೆ. ಆಂಟಿಬಯೋಟಿಕ್ ಇಲ್ಲದ ಕಾಲದಲ್ಲಿ ಇದು ತಗುಲಿದವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಬದುಕುತ್ತಿರಲಿಲ್ಲ. ಅಮೆರಿಕದಂಥ ಅಮೆರಿಕದಲ್ಲೇ, ಮೇರಿಲ್ಯಾಂಡ್ ರಾಜ್ಯದಲ್ಲಿ, 2007ರಲ್ಲಿ ಹನ್ನೆರಡು ವರ್ಷದ ಬಡ ಹುಡುಗನೊಬ್ಬ ಹಲ್ಲಿನ ಸೋಂಕು ಮಿದುಳಿಗೇರಿ ಸತ್ತ. ಸುಮಾರು 80 ಡಾಲರಿಗೆ ಕೀಳಿಸಬಹುದಾಗಿದ್ದ ಹಲ್ಲು ಅದು. ಅಲ್ಲಿ ಅದು ದೊಡ್ಡ ಸುದ್ದಿಯಾಯಿತು, ಬಡಮಕ್ಕಳ ದಂತಚಿಕಿತ್ಸೆಯ ವ್ಯವಸ್ಥೆಯನ್ನು ಸರಿಪಡಿಸಲು ಆ ರಾಜ್ಯ ಮುಂದಾಯಿತು. ಇಲ್ಲಿ ಸಭೆಯಲ್ಲಿ ನಗುತ್ತಾರೆ.

ಮಾತ್ರೆ ಕೊಟ್ಟಿದ್ದೇವಲ್ಲ ಎನ್ನುವುದು ಆಸ್ಪತ್ರೆಯ ಸಮಜಾಯಿಷಿ. ಹುಳುಕು ಹಲ್ಲಿನ ತಿರುಳನ್ನು ಮುಟ್ಟಿ ರಾತ್ರಿಯಿಡೀ ಬಡಿಯುವ ನೋವಿಗೆ ಆಂಟಿಬಯೋಟಿಕ್ ಮದ್ದೇ ಅಲ್ಲ ಎಂದು ಅಮೆರಿಕದ ದಂತವೈದ್ಯರ ಸಂಘ 2019ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಬೇಕಾದದ್ದು ಕೈಕೆಲಸ: ಹಲ್ಲು ಕೊರೆದು ಒಳಗಿನ ಒತ್ತಡ ಬಿಡಿಸಬೇಕು, ಕೀವು ಕಟ್ಟಿದ್ದರೆ ಕೊಯ್ದು ಹರಿಸಬೇಕು, ಉಳಿಯದ ಹಲ್ಲಾದರೆ ಕೀಳಬೇಕು. ಮರಗಟ್ಟಿಸುವ ಇಂಜೆಕ್ಷನ್ ಸೇರಿ ಅರ್ಧ ಗಂಟೆಯ ಕೆಲಸ. ಅದನ್ನು ಮಾಡುವವರು ರಜೆಯ ಮೇಲಿರುವುದರಿಂದ ಜನ ಮೆಡಿಕಲ್ ಶಾಪಿಗೆ ಹೋಗುತ್ತಾರೆ. ಅಲ್ಲಿ ಚೀಟಿಯಿಲ್ಲದೆ ಮಾರಬಾರದ ಅಮಾಕ್ಸಿಸಿಲಿನ್, ಕಾಗದದ ತುಂಡಿನಲ್ಲಿ ನಾಲ್ಕೇ ನಾಲ್ಕು ಗುಳಿಗೆಯಾಗಿ ಸಿಗುತ್ತದೆ. ನೋವು ಎರಡು ದಿನ ತಗ್ಗುತ್ತದೆ, ಸೋಂಕು ಒಳಗೊಳಗೇ ಮುಂದುವರಿಯುತ್ತದೆ.

ಇದು ದಂತವೈದ್ಯರೇ ಇಲ್ಲದ ನಾಡಾಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಕರ್ನಾಟಕದಲ್ಲಿ 40ಕ್ಕೂ ಹೆಚ್ಚು ದಂತ ವೈದ್ಯಕೀಯ ಕಾಲೇಜುಗಳಿವೆ. ದಾವಣಗೆರೆ ಒಂದರಲ್ಲೇ ಎರಡು. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಷ್ಟು ಹಳೆಯದು, ಮಣಿಪಾಲದ್ದು 1965ರದು. ಐದು ವರ್ಷ ಬಿಡಿಎಸ್ ಓದಿ ಹೊರಬಂದವರು ಕ್ಲಿನಿಕ್ ತೆರೆಯಲು ಬಂಡವಾಳವಿಲ್ಲದೆ ಮೆಡಿಕಲ್ ಕೋಡಿಂಗ್ ಕಂಪನಿಗಳಲ್ಲಿ ಕಂಪ್ಯೂಟರ್ ಕುಟ್ಟುತ್ತಿದ್ದಾರೆ. ಇತ್ತ ತಾಲ್ಲೂಕಿಗೆಲ್ಲ ಸೇರಿ ಒಬ್ಬ ಸರ್ಕಾರಿ ದಂತವೈದ್ಯ, ಅವರಿಗೂ ಶಿಬಿರ, ಸಭೆ, ನಿಯೋಜನೆ. ಕುರ್ಚಿ ಇದ್ದಲ್ಲಿ ವೈದ್ಯರಿಲ್ಲ, ವೈದ್ಯರಿದ್ದಲ್ಲಿ ಕುರ್ಚಿಯಿಲ್ಲ; ಕಡಲೆ ಮತ್ತು ಹಲ್ಲಿನ ಗಾದೆಯನ್ನು ಆರೋಗ್ಯ ಇಲಾಖೆ ಇಷ್ಟು ಶ್ರದ್ಧೆಯಿಂದ ಪಾಲಿಸುತ್ತದೆಂದು ಯಾರಿಗೆ ಗೊತ್ತಿತ್ತು? ಬಡ ಹಿರಿಯರಿಗೆ ಉಚಿತವಾಗಿ ಹಲ್ಲು ಕಟ್ಟಿಸಿಕೊಡುವ ದಂತ ಭಾಗ್ಯ ಯೋಜನೆ ಮಾತ್ರ ಇದೆ. ಹಲ್ಲೆಲ್ಲ ಉದುರಲಿ, ಆಮೇಲೆ ಬನ್ನಿ ಎನ್ನುವ ಸರ್ಕಾರ.

ಇನ್ನೊಂದು ಸಂಗತಿ, ಇದನ್ನೂ ಇಲ್ಲೇ ಹೇಳಬೇಕು. ಹೋಬಳಿ ಮಟ್ಟದ ಕ್ರೀಡಾಕೂಟದಲ್ಲಿ ಖೊಖೊ ಆಡುವಾಗ ಐದನೇ ತರಗತಿಯ ಹುಡುಗನೊಬ್ಬನ ಮುಖ ಕಂಬಕ್ಕೆ ಬಡಿದು ಮುಂದಿನ ಹಲ್ಲು ಬುಡಸಮೇತ ಕಿತ್ತುಬಂತು. ಹಾಲುಹಲ್ಲಲ್ಲ, ಮತ್ತೆ ಹುಟ್ಟದ ಹಲ್ಲು. ಮೇಷ್ಟ್ರು ಅದನ್ನು ನಲ್ಲಿಯ ಕೆಳಗೆ ಉಜ್ಜಿ ಉಜ್ಜಿ ತೊಳೆದು, ಅಂಕಪಟ್ಟಿಯ ಹಾಳೆ ಹರಿದು ಪೊಟ್ಟಣ ಕಟ್ಟಿ, ಅಪ್ಪನಿಗೆ ಕೊಡು ಎಂದು ಹುಡುಗನ ಜೇಬಿಗೆ ಹಾಕಿದರು. ಹೀಗೆ ಬಿದ್ದ ಶಾಶ್ವತ ಹಲ್ಲನ್ನು ಬೇರಿನ ಭಾಗ ಮುಟ್ಟದೆ ಮೇಲಿನ ಬಿಳಿ ಭಾಗದಿಂದ ಹಿಡಿದು, ಉಜ್ಜದೆ ಒಮ್ಮೆ ತೊಳೆದು ಅದರ ಜಾಗಕ್ಕೇ ಕೂರಿಸಬೇಕು. ಆಗದಿದ್ದರೆ ತಣ್ಣನೆಯ ಹಾಲಿನಲ್ಲಿ ಹಾಕಿ ಗಂಟೆಯೊಳಗೆ ದಂತವೈದ್ಯರ ಬಳಿ ಒಯ್ದರೆ ಹಲ್ಲು ಉಳಿಯುವ ಸಾಧ್ಯತೆ ಚೆನ್ನಾಗಿಯೇ ಇರುತ್ತದೆ. ಒಣಗಿದರೆ ಬೇರಿನ ಮೇಲಿನ ಜೀವಕೋಶಗಳು ಸಾಯುತ್ತವೆ. ಆ ಮೈದಾನದ ಗೋಡೆಗೆ ಗೋಡೆ ತಾಗಿಕೊಂಡೇ ಹಾಲು ಉತ್ಪಾದಕರ ಸಂಘದ ಡೇರಿ ಇದೆ. ಮೇಷ್ಟ್ರನ್ನು ದೂರಿ ಏನು ಬಂತು? ಮೊಟ್ಟೆ, ಬಾಳೆಹಣ್ಣು, ಶೂ, ಸಾಕ್ಸಿನ ಲೆಕ್ಕ ಬರೆಯಲು ತರಬೇತಿ ಕೊಡುವವರು ಇದೊಂದನ್ನು ಹೇಳಿಕೊಟ್ಟಿಲ್ಲ. ಹೇಳಿಕೊಟ್ಟಿದ್ದರೂ ಹಾಲಿನ ಲೋಟ ಹಿಡಿದು ಹೋಗಬೇಕಿದ್ದುದು ಅದೇ ಬೀಗದ ಮುಂದಕ್ಕೆ.

ಹಮಾಲಿಯ ಬಿಲ್ಲಿನ ಸುದ್ದಿ ಕೇಳಿದರೆ ಅಧಿಕಾರಿಗಳು ಇನ್ನಷ್ಟು ನಗಬಹುದು. ಕತ್ತು ಕೊಯ್ದು ಕೊಳವೆ ಹಾಕುವ ಹಂತಕ್ಕೆ ಬಂದ ಮೇಲೆ ಸರ್ಕಾರಿ ಆರೋಗ್ಯ ಕಾರ್ಡಿಗೆ ಬೆಲೆ ಬಂತು. ಶನಿವಾರವೇ ಆ ಹಲ್ಲನ್ನು ಖಾಸಗಿ ಕ್ಲಿನಿಕ್ಕಿನಲ್ಲಿ ಕೀಳಿಸಿದ್ದರೆ ಅದೇ ಕಾರ್ಡು ನಾಲ್ಕು ಕಾಸಿಗೂ ಉಪಯೋಗಕ್ಕೆ ಬರುತ್ತಿರಲಿಲ್ಲ. ದುಡ್ಡು ಕಟ್ಟಿ ಮಾಡಿಸಿದ ಆರೋಗ್ಯ ವಿಮೆಗಳಲ್ಲೂ ಬಹುಪಾಲು ಅಷ್ಟೇ, ಅಪಘಾತವಾಗಿ ಆಸ್ಪತ್ರೆ ಸೇರದಿದ್ದರೆ ಹಲ್ಲು ದೇಹದ ಭಾಗವೇ ಅಲ್ಲ. ಅರ್ಧ ಗಂಟೆಯ ಕೆಲಸಕ್ಕೆ ಇಲ್ಲದ ಹಣ ಐಸಿಯುಗೆ ಎಲ್ಲಿಂದ ಬರುತ್ತದೋ ಲೆಕ್ಕಪತ್ರ ಇಲಾಖೆಯವರೇ ಹೇಳಬೇಕು.

ಜಿಲ್ಲಾಡಳಿತವನ್ನು ಕೇಳುತ್ತಿರುವುದು ಹೊಸ ಕಟ್ಟಡವನ್ನೂ ಅಲ್ಲ, ಹೊಸ ಭಾಗ್ಯವನ್ನೂ ಅಲ್ಲ. ರಜಾದಿನಗಳಲ್ಲಿ ಅಕ್ಕಪಕ್ಕದ ತಾಲ್ಲೂಕುಗಳ ದಂತವೈದ್ಯರಿಗೆ ಸರದಿ ಹಾಕಿ, ಯಾವ ಭಾನುವಾರ ಯಾವ ಆಸ್ಪತ್ರೆಯ ಕೋಣೆ ತೆರೆದಿರುತ್ತದೆ ಎಂಬ ಪಟ್ಟಿಯನ್ನು ಪ್ರತಿ ತಿಂಗಳು ಹೊರಡಿಸಲಿ. ಊತ ಕತ್ತಿಗಿಳಿದರೆ, ಬಾಯಿ ತೆರೆಯದಿದ್ದರೆ, ನುಂಗಲು ಕಷ್ಟವಾದರೆ ಸೋಮವಾರದವರೆಗೆ ಕಾಯಿಸಬಾರದು ಎಂದು ತುರ್ತು ವಿಭಾಗದ ಗೋಡೆಗೆ ಬರೆಸಲಿ. ದಂತ ಕಾಲೇಜುಗಳಿಗೆ ರಾತ್ರಿ ಪಾಳಿಯನ್ನು ಕಡ್ಡಾಯ ಮಾಡಲಿ, ಅಲ್ಲಿ ಕಲಿಯುವವರಿಗೂ ಅದು ಪಾಠವೇ. ಸಂಪಾದಕರಾದ ತಾವು ರಾತ್ರಿ ತೆರೆದಿರುವ ಔಷಧಿ ಅಂಗಡಿಗಳ ಹೆಸರು ಹಾಕುವ ಅಂಕಣದಲ್ಲೇ ಈ ಪಟ್ಟಿಗೂ ಎರಡು ಸಾಲಿನ ಜಾಗ ಕೊಡಬೇಕು. ಯಾವ ತಿಂಗಳು ಪಟ್ಟಿ ಬರಲಿಲ್ಲವೋ ಆ ತಿಂಗಳು ಅಲ್ಲಿ ಸಂಬಂಧಪಟ್ಟ ಅಧಿಕಾರಿಯ ಕಚೇರಿಯ ದೂರವಾಣಿ ಸಂಖ್ಯೆಯನ್ನು ಹಾಕಬೇಕೆಂದು ವಿನಂತಿ.

ಇತಿ,
ತಾಲ್ಲೂಕು ಕೇಂದ್ರದ ಓದುಗರೊಬ್ಬರು