ಒಂದು ಷಿಲಿಂಗಿನ ವಿಮರ್ಶಕ

ಪರೀಕ್ಷೆಯ ಫಲಿತಾಂಶ ಬಂದ ದಿನ ಅನೇಕ ಮನೆಗಳಲ್ಲಿ ಒಂದು ವಿಚಾರಣೆ ನಡೆಯುತ್ತದೆ. ಗಣಿತದಲ್ಲಿ ಅಂಕ ಕಡಿಮೆಯಾದದ್ದಕ್ಕೆ ಕಾರಣ ಹುಡುಕುತ್ತ ಹೋದರೆ ಮೊದಲು ಸಿಕ್ಕಿಬೀಳುವುದು ದಿಂಬಿನಡಿ ಇಟ್ಟ ದಪ್ಪನೆಯ ಕಥೆ ಪುಸ್ತಕ. ಅದರ ರಕ್ಷಾಪುಟದ ಮೇಲೆ ಬೆಂಕಿಯುಗುಳುವ ಡ್ರ್ಯಾಗನ್ನೋ, ಉದ್ದ ಗಡ್ಡದ ಮಾಂತ್ರಿಕನೋ ಇದ್ದರಂತೂ ಮುಗಿಯಿತು. "ಇಷ್ಟು ದೊಡ್ಡವನಾಗಿ ಇನ್ನೂ ಈ ಅಡಗೂಲಜ್ಜಿ ಕಥೆಯೇ? ಓದುವುದಾದರೆ ಉಪಯೋಗಕ್ಕೆ ಬರುವಂಥದ್ದನ್ನು ಓದು" ಎಂಬ ತೀರ್ಪು ಹೊರಬೀಳುತ್ತದೆ. ಪುಸ್ತಕ ಅಟ್ಟ ಸೇರುತ್ತದೆ. ಇಡೀ ವಿಚಾರಣೆಯಲ್ಲಿ ಯಾರೂ ಕೇಳದೆ ಬಿಟ್ಟ ಪ್ರಶ್ನೆ ಒಂದಿರುತ್ತದೆ: ಆ ಪುಸ್ತಕದಲ್ಲಿ ಅಂಥದ್ದೇನಿದೆ?

ಈ ಪ್ರಶ್ನೆಯನ್ನು ಮಗನಿಗೆ ಕೇಳಿದ, ಉತ್ತರಕ್ಕೆ ದುಡ್ಡನ್ನೂ ಕೊಟ್ಟ ತಂದೆಯೊಬ್ಬರು ಲಂಡನ್ನಿನಲ್ಲಿದ್ದರು. ಅವರು ಜಾರ್ಜ್ ಅಲೆನ್ ಅಂಡ್ ಅನ್ವಿನ್ ಎಂಬ ಪ್ರಕಾಶನ ಸಂಸ್ಥೆಯ ಮುಖ್ಯಸ್ಥ ಸ್ಟ್ಯಾನ್ಲಿ ಅನ್ವಿನ್. ಮಕ್ಕಳ ಪುಸ್ತಕದ ಗುಣದೋಷವನ್ನು ಹೇಳಬೇಕಾದವರು ಮಕ್ಕಳೇ ಎಂಬುದು ಅವರ ನಂಬಿಕೆ. 1936ರ ಅಕ್ಟೋಬರ್‌ನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಬರೆದ ಕಥೆಯ ಬೆರಳಚ್ಚು ಪ್ರತಿ ಸಂಸ್ಥೆಗೆ ಬಂತು. ಅನ್ವಿನ್ ಅದನ್ನು ಹತ್ತು ವರ್ಷದ ಮಗ ರೇನರ್‌ನ ಕೈಗಿತ್ತರು. ಓದಿ ವರದಿ ಬರೆದುಕೊಟ್ಟರೆ ಸಂಭಾವನೆ ಒಂದು ಷಿಲಿಂಗ್.

ಆ ಪ್ರಾಧ್ಯಾಪಕರೇ ಜೆ. ಆರ್. ಆರ್. ಟೋಲ್ಕಿನ್. ಕಥೆಯ ಹೆಸರು 'ದಿ ಹಾಬಿಟ್'. ಹಾಬಿಟ್ ಎಂದರೆ ಅವರು ಕಲ್ಪಿಸಿದ ಒಂದು ಜನಾಂಗ: ಮನುಷ್ಯರ ಅರ್ಧದಷ್ಟು ಎತ್ತರ, ಬಿಲದಂಥ ಮನೆ, ಹೊತ್ತುಹೊತ್ತಿಗೆ ಊಟ ತಿಂಡಿ, ತಂಟೆ ತಕರಾರಿಲ್ಲದ ಬದುಕು. ಅಂಥವರಲ್ಲೊಬ್ಬನಾದ ಬಿಲ್ಬೊ ಬ್ಯಾಗಿನ್ಸ್, ಒಬ್ಬ ಮಾಂತ್ರಿಕ ಮತ್ತು ಹದಿಮೂರು ಮಂದಿ ಕುಬ್ಜರ ಮಾತಿಗೆ ಕಟ್ಟುಬಿದ್ದು, ಡ್ರ್ಯಾಗನ್ ಕಾವಲಿರುವ ನಿಧಿಯನ್ನು ಹುಡುಕಿಕೊಂಡು ಮನೆ ಬಿಟ್ಟು ಹೊರಡುತ್ತಾನೆ.

ರೇನರ್ ಬರೆದ ವರದಿ ಪುಟ್ಟದು. ಕಾಗುಣಿತದ ತಪ್ಪುಗಳೂ ಇದ್ದವು. ಆದರೆ ವಿಮರ್ಶೆಯಲ್ಲಿ ಇರಬೇಕಾದದ್ದೆಲ್ಲ ಇತ್ತು. ಮೊದಲು ಕಥೆಯ ಸಾರಾಂಶ, ಆಮೇಲೆ ಚೆನ್ನಾಗಿದೆಯೆಂಬ ಅಭಿಪ್ರಾಯ, ಜೊತೆಗೊಂದು ಸಲಹೆ: ಭೂಪಟಗಳಿದ್ದರೆ ಸಾಕು, ಚಿತ್ರಗಳ ಅಗತ್ಯವಿಲ್ಲ. ಕೊನೆಗೆ, ಪುಸ್ತಕ ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆ ಹಿಡಿಸೀತು ಎಂಬ ತೀರ್ಮಾನ. ತನಗೆ ಹತ್ತು ತುಂಬಿದೆಯಲ್ಲ, ಆ ದೊಡ್ಡಸ್ತಿಕೆ! ಚಿತ್ರಗಳ ಬಗೆಗಿನ ಸಲಹೆಯನ್ನು ಅಪ್ಪ ಒಪ್ಪಲಿಲ್ಲ, ಟೋಲ್ಕಿನ್ ತಾವೇ ಬರೆದ ಚಿತ್ರಗಳೊಂದಿಗೆ ಪುಸ್ತಕ ಅಚ್ಚಾಯಿತು. 1937ರ ಸೆಪ್ಟೆಂಬರ್ 21ರಂದು ಹೊರಬಂದ ಮೊದಲ ಮುದ್ರಣದ 1,500 ಪ್ರತಿಗಳು ಕ್ರಿಸ್‌ಮಸ್‌ಗೆ ಮುಂಚೆಯೇ ಖರ್ಚಾದವು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದೊಂದು ಸ್ವಾರಸ್ಯಕರ ಪ್ರಸಂಗವಾಗಿ ಉಳಿಯುತ್ತಿತ್ತು. ತಂದೆ ತಾಯಿಯರು ಗಮನಿಸಬೇಕಾದ ಭಾಗ ಮುಂದಿದೆ. ಹಾಬಿಟ್‌ಗಳ ಕಥೆ ಇನ್ನಷ್ಟು ಬೇಕೆಂದು ಅನ್ವಿನ್ ಕೇಳಿದರು. 1937ರ ಡಿಸೆಂಬರ್‌ನಲ್ಲಿ ಟೋಲ್ಕಿನ್ ಮುಂದಿನ ಕಥೆಗೆ ಕೈ ಹಾಕಿದರು. ಅದರ ಆರಂಭದ ಅಧ್ಯಾಯಗಳನ್ನೂ ಓದಿದವರಲ್ಲಿ ರೇನರ್ ಒಬ್ಬ. ಆದರೆ ಕಥೆ ಬೆಳೆಯುತ್ತ ಬೆಳೆಯುತ್ತ ಸಾವಿರಕ್ಕೂ ಹೆಚ್ಚು ಪುಟಗಳ ಬೃಹತ್ ಕೃತಿಯಾಯಿತು. ಬರೆದು ಮುಗಿಸಲು ಹತ್ತು ವರ್ಷಗಳ ಮೇಲೆ ಹಿಡಿಯಿತು. ಅದೇ 'ದಿ ಲಾರ್ಡ್ ಆಫ್ ದಿ ರಿಂಗ್ಸ್'.

1952ರ ಹೊತ್ತಿಗೆ ರೇನರ್ ಬೆಳೆದು ತಂದೆಯ ಸಂಸ್ಥೆಯಲ್ಲೇ ಕೆಲಸಕ್ಕೆ ಸೇರಿದ್ದರು. ಯುದ್ಧ ಮುಗಿದು ಕೆಲವೇ ವರ್ಷಗಳಾಗಿದ್ದ ಕಾಲ, ಕಾಗದ ದುಬಾರಿ. ಮಕ್ಕಳಿಗೋ ದೊಡ್ಡವರಿಗೋ ಎಂದು ಹೇಳಲಾಗದ ಇಷ್ಟು ದಪ್ಪ ಪುಸ್ತಕವನ್ನು ಅಚ್ಚು ಹಾಕಿದರೆ ಸಾವಿರ ಪೌಂಡ್ ನಷ್ಟವಾಗಬಹುದೆಂದು ಲೆಕ್ಕ ಹಾಕಿದ ರೇನರ್, ಜಪಾನಿನಲ್ಲಿದ್ದ ತಂದೆಯನ್ನು ಕೇಳಿದರು. ಅದು ನಿಜಕ್ಕೂ ಪ್ರತಿಭೆಯ ಕೃತಿಯೆಂದು ನಿನಗೆ ನಂಬಿಕೆಯಿದ್ದರೆ ಸಾವಿರ ಪೌಂಡ್ ಕಳೆದುಕೊಳ್ಳಬಹುದು ಎಂಬರ್ಥದ ಉತ್ತರ ಅಲ್ಲಿಂದ ಬಂತು. 1954ರ ಜುಲೈನಿಂದ 1955ರ ಅಕ್ಟೋಬರ್‌ವರೆಗೆ ಕೃತಿ ಮೂರು ಸಂಪುಟಗಳಲ್ಲಿ ಪ್ರಕಟವಾಯಿತು. ನಷ್ಟದ ಮಾತು ಹಾಗಿರಲಿ, ಅದರ ಕೋಟ್ಯಂತರ ಪ್ರತಿಗಳು ಮಾರಾಟವಾಗಿವೆ.

ಹತ್ತು ವರ್ಷದ ಮಗನ ಅಭಿಪ್ರಾಯಕ್ಕೆ ಒಂದು ಷಿಲಿಂಗ್ ಬೆಲೆ ಕಟ್ಟಿದ ತಂದೆ, ಹದಿನಾರು ವರ್ಷಗಳ ನಂತರ ಅದೇ ಮಗನ ಅಭಿಪ್ರಾಯದ ಮೇಲೆ ಸಾವಿರ ಪೌಂಡ್ ಪಣವಿಡಲು ಹಿಂಜರಿಯಲಿಲ್ಲ. ಮಕ್ಕಳ ವಿವೇಚನೆ ಹದಿನೆಂಟು ತುಂಬಿದ ದಿನ ತಾನಾಗಿ ಬಂದುಬಿಡುವುದಿಲ್ಲ. ತನಗೆ ಇಷ್ಟವಾದದ್ದನ್ನು ಗುರುತಿಸಿ, ಏಕೆ ಇಷ್ಟವಾಯಿತೆಂದು ಹೇಳಿ, ಆ ಮಾತನ್ನು ದೊಡ್ಡವರೊಬ್ಬರು ಗಮನವಿಟ್ಟು ಕೇಳಿದಾಗ ಅದು ಬೆಳೆಯುತ್ತದೆ.

ಇಂಥದ್ದು ಇನ್ನೊಮ್ಮೆಯೂ ನಡೆದಿದೆ. ಹಲವು ಪ್ರಕಾಶಕರು ಬೇಡವೆಂದಿದ್ದ 'ಹ್ಯಾರಿ ಪಾಟರ್'ನ ಮೊದಲ ಅಧ್ಯಾಯವನ್ನು ಬ್ಲೂಮ್ಸ್‌ಬರಿ ಸಂಸ್ಥೆಯ ಅಧ್ಯಕ್ಷರು ತಮ್ಮ ಎಂಟು ವರ್ಷದ ಮಗಳಿಗೆ ಓದಲು ಕೊಟ್ಟರು. ಓದಿ ಮುಗಿಸಿದ ಮಗಳು ಮುಂದಿನದ್ದೆಲ್ಲಿ ಎಂದು ಪೀಡಿಸತೊಡಗಿದಳು. 1997ರಲ್ಲಿ ಅದು ಪುಸ್ತಕವಾದಾಗ ಗಟ್ಟಿ ರಟ್ಟಿನ ಮೊದಲ ಮುದ್ರಣ ಬರೀ 500 ಪ್ರತಿ. ಮುಂದಿನದು ಎಲ್ಲರಿಗೂ ಗೊತ್ತು.

"ಇರಲಿ, ಇಷ್ಟಕ್ಕೂ ಅದು ಸುಳ್ಳು ಕಥೆ ತಾನೆ? ಬದುಕಿನಿಂದ ತಪ್ಪಿಸಿಕೊಂಡು ಓಡುವುದನ್ನು ಕಲಿಸುತ್ತದೆಯಲ್ಲವೆ?" ಎಂದು ಕೇಳಬಹುದು. ಟೋಲ್ಕಿನ್‌ಗೆ ಬದುಕಿನ ಕಷ್ಟ ಗೊತ್ತಿರಲಿಲ್ಲ ಎನ್ನುವಂತಿಲ್ಲ. 1916ರ ಸೋಮ್ ಕದನದಲ್ಲಿ ಕಂದಕಗಳಲ್ಲಿದ್ದು ಬಂದವರು ಅವರು. ಆ ಮಹಾಯುದ್ಧ ಮುಗಿಯುವಷ್ಟರಲ್ಲಿ ಅವರ ಆಪ್ತ ಗೆಳೆಯರಲ್ಲಿ ಉಳಿದದ್ದು ಒಬ್ಬನೇ. 1939ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ಅದ್ಭುತ ಕಥೆಗಳ ಬಗ್ಗೆ ಉಪನ್ಯಾಸ ಕೊಟ್ಟಾಗ ಅವರು ಈ ಆಕ್ಷೇಪಕ್ಕೂ ಉತ್ತರಿಸಿದರು. ಯುದ್ಧಭೂಮಿಯಿಂದ ಓಡಿಹೋಗುವ ಸೈನಿಕನೂ ಸೆರೆಮನೆಯಿಂದ ಪಾರಾಗಿ ಮನೆಗೆ ಹೋಗಬಯಸುವ ಕೈದಿಯೂ ಒಂದೇ ಅಲ್ಲ, ಇವರಿಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ ಎಂಬುದು ಅವರ ವಾದದ ತಿರುಳು. ಬೆಳಿಗ್ಗೆ ಶಾಲೆ, ಸಂಜೆ ಟ್ಯೂಷನ್, ರಾತ್ರಿ ಹೋಂವರ್ಕ್ ಎಂದು ದಿನ ಕಳೆಯುವ ಹುಡುಗಿ ಮಲಗುವ ಮುನ್ನ ಅರ್ಧ ಗಂಟೆ ಇನ್ನೊಂದು ಲೋಕಕ್ಕೆ ಹೋಗಿಬಂದರೆ ಅವಳನ್ನು ಯಾವ ಗುಂಪಿಗೆ ಸೇರಿಸುತ್ತೀರಿ?

ಆ ಇನ್ನೊಂದು ಲೋಕದಲ್ಲಿ ಏನು ಬೇಕಾದರೂ ನಡೆಯಬಹುದು ಎನ್ನುವುದೂ ತಪ್ಪು ತಿಳಿವಳಿಕೆ. ಒಳ್ಳೆಯ ಮಾಯಾಕಥೆಯಷ್ಟು ಕಟ್ಟುನಿಟ್ಟು ಬೇರೆ ಕಡೆ ಕಡಿಮೆ. ಬೇತಾಳನ ಕಥೆಯನ್ನೇ ನೋಡಿ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ವಿಕ್ರಮನ ತಲೆ ಹೋಳು. ಬಾಯಿಬಿಟ್ಟರೆ ಮೌನ ಮುರಿದು ಬೇತಾಳ ಮತ್ತೆ ಮರಕ್ಕೆ. ಈ ಇಕ್ಕಟ್ಟಿನಿಂದ ರಾಜನನ್ನು ಸುಲಭವಾಗಿ ಬಿಡಿಸಿಬಿಟ್ಟರೆ ಮೊದಲು ಜಗಳಕ್ಕೆ ಬರುವವರು ಮಕ್ಕಳೇ. ಟೋಲ್ಕಿನ್ನರ ಉಂಗುರವೂ ಹಾಗೆಯೇ. ತೊಟ್ಟವನನ್ನು ಅದು ಅದೃಶ್ಯನನ್ನಾಗಿಸುತ್ತದೆ, ಆದರೆ ಪುಕ್ಕಟೆಯಾಗಿ ಅಲ್ಲ, ಅವನ ಮನಸ್ಸನ್ನು ಮೆಲ್ಲಮೆಲ್ಲನೆ ತಿನ್ನುತ್ತದೆ. ಅಧಿಕಾರದ ರುಚಿ ಏನು ಮಾಡುತ್ತದೆಂಬುದನ್ನು ಹನ್ನೆರಡರ ಹುಡುಗನಿಗೆ ಇದಕ್ಕಿಂತ ಚೆನ್ನಾಗಿ ಹೇಳುವುದು ಪೌರನೀತಿಯ ಪಾಠಕ್ಕೂ ಕಷ್ಟ.

ನಮಗೂ ಇದೇನು ಹೊಸದಲ್ಲ. ಹೂವಿನ ಮರವಾಗಬಲ್ಲ ಹುಡುಗಿಯ ಕಥೆ ಕನ್ನಡದ ಹಳ್ಳಿಗಳದ್ದು. ಅದನ್ನು ಸಂಗ್ರಹಿಸಿ ಜಗತ್ತಿಗೆ ಪರಿಚಯಿಸಿದವರು ಎ. ಕೆ. ರಾಮಾನುಜನ್. ಗಿರೀಶ ಕಾರ್ನಾಡರು 1992ರಲ್ಲಿ ಅದನ್ನು 'ಚೆಲುವಿ' ಎಂಬ ಚಿತ್ರವಾಗಿಸಿದರು. ಒಂದು ಕೊಡ ನೀರು ಸುರಿದರೆ ಹುಡುಗಿ ಮರವಾಗುತ್ತಾಳೆ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿ. ನಡುವೆ ಹೂ ಬಿಡಿಸುವವರು ರೆಂಬೆ ಮುರಿಯಬಾರದು. ಒರಟು ಕೈಗಳು ರೆಂಬೆ ಮುರಿದಾಗ ಏನಾಗುತ್ತದೆಂದು ಕೇಳಿದ ಮಗು ಮತ್ತೆ ಗಿಡದ ಕೊಂಬೆ ಎಳೆಯುವ ಮುನ್ನ ಒಂದು ಕ್ಷಣ ತಡೆಯುತ್ತದೆ. ಒಂದು ಕಾಲಕ್ಕೆ 'ಚಂದಮಾಮ'ದ ಹೊಸ ಸಂಚಿಕೆಗಾಗಿ ಅಂಚೆಯವನ ದಾರಿ ಕಾಯುತ್ತಿದ್ದವರೇ ಇಂದು ತಮ್ಮ ಮಕ್ಕಳ ಕೈಯಿಂದ ಡ್ರ್ಯಾಗನ್ ಪುಸ್ತಕ ಕಿತ್ತಿಡುವುದು ಸೋಜಿಗ.

ಹಾಗೆಂದು ಹಿರಿಯರ ಕಳವಳವೆಲ್ಲ ಹುರುಳಿಲ್ಲದ್ದೆಂದು ಅರ್ಥವಲ್ಲ. ರಾತ್ರಿ ಎರಡು ಗಂಟೆಯವರೆಗೆ ಹೊದಿಕೆಯೊಳಗೆ ಓದಿ ಬೆಳಿಗ್ಗೆ ತರಗತಿಯಲ್ಲಿ ತೂಕಡಿಸಿದರೆ ತಪ್ಪು ತಪ್ಪೇ. ಒಂದೇ ಅಚ್ಚಿನ ಸರಣಿಯನ್ನು ಹದಿನೈದನೆಯ ಭಾಗದವರೆಗೂ ನುಂಗುವುದರಲ್ಲಿ ದೊಡ್ಡ ಲಾಭವೂ ಇಲ್ಲ. ಪರೀಕ್ಷೆ ಹತ್ತಿರವಿದ್ದಾಗ ಹೊತ್ತಿನ ಮಿತಿ ಹಾಕುವುದು ತಂದೆ ತಾಯಿಯರ ಹಕ್ಕು, ಹೊಣೆ ಕೂಡ. ಆದರೆ ಹೊತ್ತಿಗೆ ಮಿತಿ ಹಾಕುವುದು ಬೇರೆ, ಪುಸ್ತಕವನ್ನು ಹೀಯಾಳಿಸುವುದು ಬೇರೆ. ಮಿತಿಯನ್ನು ಮಕ್ಕಳು ಗೊಣಗುತ್ತಲಾದರೂ ಒಪ್ಪುತ್ತಾರೆ. ತಾವು ಪ್ರೀತಿಸಿದ್ದನ್ನು ಮನೆಯವರು ಕಸವೆಂದರೆ ಮುಂದೆ ತಮ್ಮ ಪ್ರೀತಿಯ ವಿಷಯಗಳನ್ನೇ ಮನೆಯಲ್ಲಿ ಹೇಳುವುದನ್ನು ಬಿಡುತ್ತಾರೆ. ಹದಿನಾರರ ಮಗ ಏನನ್ನೂ ಹೇಳಿಕೊಳ್ಳುವುದಿಲ್ಲವೆಂದು ದೂರುವವರು, ಅವನು ಹತ್ತರಲ್ಲಿ ಹೇಳಬಂದದ್ದನ್ನು ಕೇಳಿದ್ದೆವೇ ಎಂದು ನೆನೆಸಿಕೊಳ್ಳಬೇಕು.

ಅನ್ವಿನ್ ಮಾಡಿದ್ದನ್ನು ಯಾರು ಬೇಕಾದರೂ ಮಾಡಬಹುದು, ಅದಕ್ಕೆ ಪ್ರಕಾಶನ ಸಂಸ್ಥೆ ಬೇಡ. ಮುಂದಿನ ರಜೆಯಲ್ಲಿ ಮಗುವಿಗೆ ಒಂದು ಹಾಳೆ ಕೊಟ್ಟು ಮೂರು ವಿಷಯ ಬರೆಯಲು ಹೇಳಿ: ಕಥೆ ಏನು, ಏನು ಹಿಡಿಸಿತು ಅಥವಾ ಹಿಡಿಸಲಿಲ್ಲ, ಯಾರು ಓದಬಹುದು. ಕನ್ನಡದಲ್ಲಿ ಬರೆಯಲಿ; ಇಂಗ್ಲಿಷ್ ಪುಸ್ತಕದ ಬಗ್ಗೆ ಕನ್ನಡದಲ್ಲಿ ಹತ್ತು ವಾಕ್ಯ ಬರೆಯುವುದು ಎರಡು ಭಾಷೆಗೂ ಒಳ್ಳೆಯ ಕಸರತ್ತು. ಕಾಗುಣಿತ ತಿದ್ದುವ ಕೆಲಸ ಆ ದಿನ ಬೇಡ. ಸಂಭಾವನೆಯಾಗಿ ಹತ್ತು ರೂಪಾಯಿಯೋ, ಗ್ರಂಥಾಲಯಕ್ಕೆ ಒಂದು ಸುತ್ತೋ ಇರಲಿ. ಆಮೇಲೆ, ಮಗು ಚೆನ್ನಾಗಿದೆಯೆಂದ ಪುಸ್ತಕದ ಮೊದಲ ಎರಡು ಅಧ್ಯಾಯಗಳನ್ನು ನೀವೂ ಓದಿ. ನಿಮಗೆ ಹಿಡಿಸದಿದ್ದರೆ ಏಕೆ ಹಿಡಿಸಲಿಲ್ಲವೆಂದು ಅವರೊಡನೆ ವಾದ ಮಾಡಿ. ಮಕ್ಕಳಿಗೆ ಇಂಥ ವಾದವೆಂದರೆ ಹಬ್ಬ.

ವಿದ್ಯಾರ್ಥಿ ಮಿತ್ರರೇ, ನಿಮಗೂ ಒಂದು ಮಾತು. "ಸೂಪರ್ ಆಗಿದೆ" ಎಂದಷ್ಟೇ ಹೇಳಿದರೆ ಯಾವ ಅಪ್ಪ ಅಮ್ಮನೂ ಒಪ್ಪುವುದಿಲ್ಲ. ರೇನರ್ ತನ್ನ ಕಾರಣಗಳನ್ನು ಬರೆದುಕೊಟ್ಟ, ಆಮೇಲಷ್ಟೇ ಅವನಿಗೆ ಷಿಲಿಂಗ್ ಸಿಕ್ಕಿತು. ನೀವು ಮೆಚ್ಚಿದ ಪುಸ್ತಕದ ಪರವಾಗಿ ಒಂದು ಪುಟ ಬರೆದು ಊಟದ ಹೊತ್ತಿಗೆ ಮನೆಯವರ ಮುಂದಿಡಿ. ಜೊತೆಗೆ ಅಜ್ಜಿಯನ್ನೋ ಅಜ್ಜನನ್ನೋ ಕೂರಿಸಿಕೊಂಡು ಅವರು ಚಿಕ್ಕಂದಿನಲ್ಲಿ ಕೇಳಿದ ಮಾಯಾಕಥೆಯೊಂದನ್ನು ಹೇಳಿಸಿ, ಅದರ ಬಗ್ಗೆಯೂ ಬರೆಯಿರಿ. ಆ ಕಥೆ ಯಾವ ಪುಸ್ತಕದಲ್ಲೂ ಇಲ್ಲದಿರಬಹುದು. ಆಗ ಅದನ್ನು ಬರೆದಿಟ್ಟ ಮೊದಲಿಗರು ನೀವೇ ಆಗುತ್ತೀರಿ.